ಕೇಳಿ ಕಲಿತ ಗಿಟಾರ್ ವಾದಕ



ವರ್ಷಗಟ್ಟಲೆ ಕಲಿತದ್ದೆಲ್ಲ ಒಂದೇ ದಿನದಲ್ಲಿ ಮರೆತುಹೋದರೆ ಏನು ಮಾಡುವುದು? ಅಮೆರಿಕದ ಜಾಝ್ ಗಿಟಾರ್ ವಾದಕ ಪ್ಯಾಟ್ ಮಾರ್ಟಿನೊ ಅವರಿಗೆ ನಿಜಕ್ಕೂ ಹಾಗಾಯಿತು.

1944ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಹುಟ್ಟಿದ ಮಾರ್ಟಿನೊ ಹನ್ನೆರಡನೇ ವಯಸ್ಸಿಗೆ ಗಿಟಾರ್ ಹಿಡಿದರು. ಹದಿಹರೆಯದಲ್ಲೇ ವೃತ್ತಿಪರ ವಾದಕರಾದರು. 1967ರಲ್ಲಿ ಅವರ ನಾಯಕತ್ವದ ಮೊದಲ ಆಲ್ಬಂ ‘ಎಲ್ ಹೋಂಬ್ರೆ’ ಬಂತು. ಎಷ್ಟೇ ವೇಗವಾಗಿ ನುಡಿಸಿದರೂ ಪ್ರತಿಯೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುವುದು ಅವರ ವಾದನದ ಗುಣ.

1980ರಲ್ಲಿ ಮೆದುಳಿನ ರಕ್ತನಾಳಗಳ ದೋಷದಿಂದ ರಕ್ತಸ್ರಾವವಾಗಿ ಅವರಿಗೆ ಶಸ್ತ್ರಚಿಕಿತ್ಸೆ ನಡೆಯಿತು. ಜೀವ ಉಳಿಯಿತು, ನೆನಪು ಹೋಯಿತು. ಹೆತ್ತವರ ಗುರುತೂ ಸಿಗಲಿಲ್ಲ, ಗಿಟಾರ್ ನುಡಿಸುವುದೂ ಮರೆತಿತ್ತು. ಮತ್ತೆ ಕಲಿಸಿದ ಗುರು ಯಾರು ಗೊತ್ತೇ? ಹಿಂದೆ ತಾವೇ ನುಡಿಸಿದ್ದ ರೆಕಾರ್ಡುಗಳು! ಅವನ್ನು ಕೇಳುತ್ತಾ, ಬೆರಳಿನಿಂದ ತಂತಿಯ ಮೇಲೆ ಹುಡುಕುತ್ತಾ, ನಿಧಾನವಾಗಿ ವಿದ್ಯೆಯನ್ನು ಮರಳಿ ಪಡೆದರು. 1987ರಲ್ಲಿ ನ್ಯೂಯಾರ್ಕಿನಲ್ಲಿ ಸಭಿಕರ ಮುಂದೆ ನುಡಿಸಿದ್ದು ‘ದಿ ರಿಟರ್ನ್’, ಅಂದರೆ ‘ಮರಳಿಕೆ’, ಎಂಬ ಹೆಸರಿನಲ್ಲೇ ಆಲ್ಬಂ ಆಯಿತು.

ಇಷ್ಟಕ್ಕೇ ಕಥೆ ಮುಗಿಯುವುದಿಲ್ಲ. ಜಾಝ್‌ನಲ್ಲಿ ಒಬ್ಬರೇ ಚೆನ್ನಾಗಿ ನುಡಿಸಿದರೆ ಸಾಲದು. ಇದರ ಸಾಮಾನ್ಯ ಕ್ರಮ ಹೀಗಿದೆ: ಮೊದಲು ತಂಡ ಒಂದು ರಾಗಸಾಲನ್ನು ನುಡಿಸುತ್ತದೆ. ಬಳಿಕ ಅದೇ ತಾಳದ ಸುತ್ತು ಮರುಕಳಿಸುತ್ತಿರುವಾಗ ಒಬ್ಬೊಬ್ಬರೂ ಸರದಿಯಲ್ಲಿ ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುತ್ತಾರೆ. ಕೊನೆಗೆ ಮೊದಲಿನ ಸಾಲಿಗೇ ಎಲ್ಲರೂ ಹಿಂದಿರುಗುತ್ತಾರೆ. ಸೋಲೊ ಯಾವ ಕಡೆ ತಿರುಗುತ್ತದೆಂದು ಮೊದಲೇ ಯಾರೂ ಬರೆದಿಟ್ಟಿರುವುದಿಲ್ಲ. ಆದ್ದರಿಂದ ನುಡಿಸುವಷ್ಟೇ ಕೇಳುವುದೂ ಮುಖ್ಯ.

2003ರ ‘ಥಿಂಕ್ ಟ್ಯಾಂಕ್’ ಆಲ್ಬಂನಲ್ಲಿ ಮಾರ್ಟಿನೊ ಅವರ ಜೊತೆಗಿದ್ದವರು ಸ್ಯಾಕ್ಸೊಫೋನಿನ ಜೋ ಲೊವಾನೊ, ಪಿಯಾನೊದ ಗೊನ್ಸಾಲೊ ರುಬಾಲ್ಕಾಬಾ, ಬಾಸ್‌ನ ಕ್ರಿಶ್ಚಿಯನ್ ಮೆಕ್‌ಬ್ರೈಡ್ ಮತ್ತು ಡ್ರಮ್ಸ್‌ನ ಲೂಯಿಸ್ ನ್ಯಾಶ್. ಎಲ್ಲರೂ ತಮ್ಮ ವಾದ್ಯದಲ್ಲಿ ಪಳಗಿದವರು. ಇಂಥ ತಂಡದಲ್ಲಿ ನಾಯಕನ ಕೆಲಸ ಎಲ್ಲರಿಗಿಂತ ಜೋರಾಗಿ ನುಡಿಸುವುದಲ್ಲ. ದಾರಿ ತೋರಿಸುವುದು, ಇನ್ನೊಬ್ಬರ ಸರದಿ ಬಂದಾಗ ಜಾಗ ಬಿಡುವುದು, ಅವರು ನುಡಿಸಿದ್ದಕ್ಕೆ ಕಿವಿಗೊಡುವುದು.

ಮಾರ್ಟಿನೊ 2021ರಲ್ಲಿ ತೀರಿಕೊಂಡರು. ಅವರ ಬದುಕಿನಿಂದ ನಾವು ತಿಳಿಯಬೇಕಾದ ಪಾಠ ಒಂದೇ: ಕಳೆದುಕೊಂಡ ವಿದ್ಯೆ ಮರಳಿದ್ದು ಕೇಳುವುದರಿಂದ, ತಂಡವನ್ನು ನಡೆಸಿದ್ದೂ ಕೇಳುವುದರಿಂದ. ಪರೀಕ್ಷೆಯಲ್ಲಿ ಎಡವಿದವರು ಮೊದಲ ಪಾಠದಿಂದ ಮತ್ತೆ ಶುರು ಮಾಡಲು ನಾಚಬೇಕಾಗಿಲ್ಲ.

ಅಭ್ಯಾಸ: ಈ ತಂಡದ ಒಂದು ಕೃತಿಯನ್ನು ಮೂರು ಸಲ ಕೇಳಿ. ಮೊದಲ ಸಲ ಗಿಟಾರನ್ನು, ಎರಡನೇ ಸಲ ಬಾಸನ್ನು, ಮೂರನೇ ಸಲ ಡ್ರಮ್ಸನ್ನು ಮಾತ್ರ ಗಮನಿಸಿ. ಗಿಟಾರ್ ಎಲ್ಲಿ ಸುಮ್ಮನಾಗುತ್ತದೆ, ಆಗ ಯಾರು ಮುಂದೆ ಬರುತ್ತಾರೆ ಎಂದು ಬರೆದುಕೊಳ್ಳಿ.