ಕಿರಿದಾದ ಭಾಷಾ ಮಾದರಿ ಮತ್ತು ವಿಕೇಂದ್ರೀಕೃತ ತರಬೇತಿ

ಮೊಬೈಲ್ ಫೋನಿನಲ್ಲಿ ಸಂದೇಶ ಬರೆಯುವಾಗ ಮುಂದಿನ ಪದವನ್ನು ಕೀಲಿಮಣೆಯೇ ಸೂಚಿಸುವುದು ಇಂದು ಎಲ್ಲರಿಗೂ ಪರಿಚಿತವಾದ ಸಂಗತಿ. ಈ ಸೂಚನೆಯ ಹಿಂದೆ ಇರುವುದು ಭಾಷಾ ಮಾದರಿ ಎಂಬ ಗಣಕ ವ್ಯವಸ್ಥೆ. ಅದು ಅಪಾರ ಪ್ರಮಾಣದ ಬರಹವನ್ನು ಪರಿಶೀಲಿಸಿ, ಯಾವ ಪದದ ನಂತರ ಯಾವ ಪದ ಬರುವ ಸಂಭವ ಎಷ್ಟೆಂಬುದನ್ನು ಕಲಿಯುತ್ತದೆ. ಕಲಿತದ್ದೆಲ್ಲವೂ ಸಂಖ್ಯೆಗಳ ರೂಪದಲ್ಲಿ ಅದರಲ್ಲಿ ಉಳಿಯುತ್ತದೆ. ಈ ಸಂಖ್ಯೆಗಳಿಗೆ ನಿಯತಾಂಕಗಳೆಂದು ಹೆಸರು.

ಆಡುಭಾಷೆಯನ್ನು ಕಲಿಯಲು ಜನರು ನಿತ್ಯ ಬರೆಯುವ ಸಂದೇಶಗಳಿಗಿಂತ ಉತ್ತಮ ಆಕರವಿಲ್ಲ. ಆದರೆ ಅವು ಖಾಸಗಿಯಾದವು. ಅವುಗಳನ್ನು ಒಂದೆಡೆ ಸಂಗ್ರಹಿಸುವುದು ಅಪಾಯಕರ. ಆದುದರಿಂದ ಬರಹವನ್ನು ಮಾದರಿಯ ಬಳಿಗೆ ತರುವ ಬದಲು, ಮಾದರಿಯನ್ನೇ ಬರಹವಿರುವಲ್ಲಿಗೆ ಕಳುಹಿಸುವ ಕ್ರಮವೊಂದು ರೂಪುಗೊಂಡಿತು.

ತರಬೇತಿಯ ಕ್ರಮ

ಗೂಗಲ್ ಸಂಸ್ಥೆಯ ಸಂಶೋಧಕರು 2016ರಲ್ಲಿ ಈ ಕ್ರಮವನ್ನು ವಿವರಿಸಿ, 2017ರಲ್ಲಿ ಆಂಡ್ರಾಯ್ಡ್ ಫೋನುಗಳ ಕೀಲಿಮಣೆಯಲ್ಲಿ ಪರೀಕ್ಷಿಸುತ್ತಿರುವುದಾಗಿ ಪ್ರಕಟಿಸಿದರು. ಇದರ ಹಂತಗಳು ಹೀಗಿವೆ:

1. ಕೇಂದ್ರ ಗಣಕವು ಮಾದರಿಯ ಪ್ರತಿಯನ್ನು ಆಯ್ದ ಫೋನುಗಳಿಗೆ ಕಳುಹಿಸುತ್ತದೆ.
2. ಪ್ರತಿಯೊಂದು ಫೋನೂ ತನ್ನಲ್ಲಿರುವ ಬರಹದಿಂದ ಆ ಪ್ರತಿಯನ್ನು ತಿದ್ದುತ್ತದೆ. ಬರಹವು ಫೋನಿನಿಂದ ಹೊರಹೋಗುವುದಿಲ್ಲ.
3. ತಿದ್ದುಪಡಿಯನ್ನು ಮಾತ್ರ ಕೇಂದ್ರಕ್ಕೆ ಹಿಂದಿರುಗಿಸಲಾಗುತ್ತದೆ.
4. ಕೇಂದ್ರವು ಎಲ್ಲ ತಿದ್ದುಪಡಿಗಳ ಸರಾಸರಿಯನ್ನು ಕಂಡುಹಿಡಿದು ಮೂಲ ಮಾದರಿಯನ್ನು ಪರಿಷ್ಕರಿಸುತ್ತದೆ. ಈ ಸುತ್ತು ಮತ್ತೆ ಮತ್ತೆ ನಡೆಯುತ್ತದೆ.

ಮಾದರಿ ಕಿರಿದಾಗಬೇಕೇಕೆ?

2020ರಲ್ಲಿ ಪ್ರಕಟವಾದ ಜಿಪಿಟಿ-3 ಎಂಬ ಮಾದರಿಯಲ್ಲಿ 17,500 ಕೋಟಿ ನಿಯತಾಂಕಗಳಿದ್ದವು. ಪ್ರತಿ ನಿಯತಾಂಕಕ್ಕೆ ಎರಡು ಬೈಟುಗಳಂತೆ ಲೆಕ್ಕ ಹಾಕಿದರೂ ಅದನ್ನು ಇಡಲು 350 ಗಿಗಾಬೈಟ್ ಸ್ಥಳ ಬೇಕು. ತರಬೇತಿಗೆ ಇದಕ್ಕೂ ಹೆಚ್ಚಿನ ಸ್ಮೃತಿ ಅಗತ್ಯ. ಸಾಮಾನ್ಯ ಫೋನು ಈ ಭಾರವನ್ನು ಹೊರಲಾರದು. ಪ್ರತಿ ಸುತ್ತಿನಲ್ಲೂ ಅಷ್ಟನ್ನು ಕಳುಹಿಸಿ ಮರಳಿ ಪಡೆಯುವುದೂ ಅಸಾಧ್ಯ. ಇದಕ್ಕೆ ಪ್ರತಿಯಾಗಿ, 2018ರಲ್ಲಿ ಗೂಗಲ್ ಸಂಶೋಧಕರು ಅಮೆರಿಕದ ಇಂಗ್ಲಿಷ್ ಕೀಲಿಮಣೆಗಾಗಿ ವಿವರಿಸಿದ ಮಾದರಿಯಲ್ಲಿ ಇದ್ದುದು ಸುಮಾರು 14 ಲಕ್ಷ ನಿಯತಾಂಕಗಳು ಮತ್ತು 10,000 ಪದಗಳ ಪಟ್ಟಿ. ಫೋನಿನಲ್ಲಿ ಅದರ ಗಾತ್ರ 1.4 ಮೆಗಾಬೈಟ್ ಮಾತ್ರ.

ಕಿರಿದುಗೊಳಿಸುವ ವಿಧಾನಗಳು

ಮೊದಲನೆಯದು ಸಂಖ್ಯೆಗಳ ನಿಖರತೆಯನ್ನು ತಗ್ಗಿಸುವುದು. ಅಕ್ಕಸಾಲಿಗನ ತಕ್ಕಡಿಯ ಸೂಕ್ಷ್ಮತೆ ದಿನಸಿ ಅಂಗಡಿಗೆ ಬೇಕಿಲ್ಲ. ಅಂತೆಯೇ 32 ಬಿಟ್‌ಗಳಲ್ಲಿ ಬರೆದ ಸಂಖ್ಯೆಯನ್ನು 8 ಬಿಟ್‌ಗಳಿಗೆ ಇಳಿಸಿದರೆ ಮಾದರಿಯ ಗಾತ್ರ ನಾಲ್ಕನೆಯ ಒಂದು ಭಾಗವಾಗುತ್ತದೆ. ಹಲವು ಕೆಲಸಗಳಲ್ಲಿ ಫಲಿತಾಂಶ ಹೆಚ್ಚು ಕೆಡುವುದಿಲ್ಲ.

ಎರಡನೆಯದು ಜ್ಞಾನದ ಭಟ್ಟಿಯಿಳಿಸುವಿಕೆ. 2015ರಲ್ಲಿ ಜೆಫ್ರಿ ಹಿಂಟನ್, ಓರಿಯಲ್ ವಿನ್ಯಾಲ್ಸ್ ಮತ್ತು ಜೆಫ್ ಡೀನ್ ಇದನ್ನು ಈ ಹೆಸರಿನಲ್ಲಿ ವಿವರಿಸಿದರು. ಇಲ್ಲಿ ದೊಡ್ಡ ಮಾದರಿ ಗುರು, ಚಿಕ್ಕದು ಶಿಷ್ಯ. ‘ಬಿಸಿ’ ಎಂಬ ಪದದ ನಂತರ ‘ನೀರು’ ಬರುತ್ತದೆ ಎಂಬ ಒಂದೇ ಉತ್ತರವನ್ನು ಶಿಷ್ಯನಿಗೆ ಕಲಿಸುವುದಿಲ್ಲ. ‘ಅನ್ನ’, ‘ಕಾಫಿ’, ‘ಗಾಳಿ’ ಎಂಬವುಗಳಿಗೆ ಗುರು ಎಷ್ಟೆಷ್ಟು ಸಂಭವ ನೀಡುತ್ತಾನೆಂಬುದನ್ನೂ ತಿಳಿಸಲಾಗುತ್ತದೆ. 2019ರಲ್ಲಿ ಈ ವಿಧಾನದಿಂದ ರಚಿತವಾದ ಡಿಸ್ಟಿಲ್‌ಬರ್ಟ್, ಸುಮಾರು 11 ಕೋಟಿ ನಿಯತಾಂಕಗಳ ಬರ್ಟ್ ಮಾದರಿಯನ್ನು 6.6 ಕೋಟಿಗೆ ಇಳಿಸಿತು, ಸಾಮರ್ಥ್ಯದಲ್ಲಿ ಶೇ. 97ರಷ್ಟು ಉಳಿದಿದೆಯೆಂದು ಅದರ ರಚನಕಾರರು ವರದಿ ಮಾಡಿದರು.

ಮೂರನೆಯದು, ಅಲ್ಪ ಪ್ರಭಾವವುಳ್ಳ ನಿಯತಾಂಕಗಳನ್ನು ಕತ್ತರಿಸಿ ತೆಗೆಯುವುದು. ನಾಲ್ಕನೆಯದು, ಮೂಲ ಮಾದರಿಯನ್ನು ಮುಟ್ಟದೆ ಅದಕ್ಕೆ ಚಿಕ್ಕ ಜೋಡಣೆಯೊಂದನ್ನು ಸೇರಿಸಿ, ಅದಕ್ಕೆ ಮಾತ್ರ ತರಬೇತಿ ನೀಡುವುದು. 2021ರಲ್ಲಿ ಪ್ರಕಟವಾದ ಲೋರಾ ವಿಧಾನ ಈ ಬಗೆಯದು. ಇದರಲ್ಲಿ ಮೂಲ ಮಾದರಿಯ ಗಾತ್ರ ಕುಗ್ಗುವುದಿಲ್ಲ. ಆದರೆ ಕೇಂದ್ರಕ್ಕೆ ಹಿಂದಿರುಗಿಸಬೇಕಾದ ತಿದ್ದುಪಡಿ ಬಹಳ ಕಡಿಮೆಯಾಗುತ್ತದೆ.

ಗೌಪ್ಯತೆಯ ಪ್ರಶ್ನೆ

ಬರಹವು ಫೋನಿನಲ್ಲೇ ಉಳಿದ ಮಾತ್ರಕ್ಕೆ ಗೌಪ್ಯತೆ ಸಂಪೂರ್ಣವಾಗುವುದಿಲ್ಲ. ಕೆಲವು ಸಂದರ್ಭಗಳಲ್ಲಿ ತಿದ್ದುಪಡಿಯಿಂದಲೇ ಮೂಲ ಬರಹವನ್ನು ಊಹಿಸಿ ತೆಗೆಯಬಹುದೆಂದು 2019ರ ಸಂಶೋಧನೆ ತೋರಿಸಿತು. ಇದಕ್ಕೆ ಎರಡು ರಕ್ಷಣೆಗಳಿವೆ. ಒಬ್ಬೊಬ್ಬರ ತಿದ್ದುಪಡಿಯನ್ನು ಮರೆಮಾಡಿ ಒಟ್ಟು ಮೊತ್ತವನ್ನಷ್ಟೇ ಕೇಂದ್ರಕ್ಕೆ ಕಾಣಿಸುವುದು ಒಂದು. ಲೆಕ್ಕ ಹಾಕಿದ ಪ್ರಮಾಣದಲ್ಲಿ ಯಾದೃಚ್ಛಿಕ ಸಂಖ್ಯೆಗಳನ್ನು ಬೆರೆಸಿ ವ್ಯಕ್ತಿಯ ಗುರುತನ್ನು ಮಸುಕುಗೊಳಿಸುವುದು ಇನ್ನೊಂದು.

ಯಾರ ಮಾತು ಸೇರುತ್ತದೆ?

ಮೇಲೆ ಹೇಳಿದ 2018ರ ಪ್ರಯೋಗದಲ್ಲಿ ಕನಿಷ್ಠ 2 ಗಿಗಾಬೈಟ್ ಸ್ಮೃತಿಯುಳ್ಳ, ಚಾರ್ಜ್ ಆಗುತ್ತಿರುವ, ಬಳಕೆಯಲ್ಲಿಲ್ಲದ, ಬಳಕೆಯ ಪ್ರಮಾಣಕ್ಕೆ ತಕ್ಕಂತೆ ಶುಲ್ಕ ವಿಧಿಸದ ಸಂಪರ್ಕ ಹೊಂದಿದ ಫೋನುಗಳು ಮಾತ್ರ ಭಾಗವಹಿಸಿದವು. ಬಳಕೆದಾರರಿಗೆ ತೊಂದರೆಯಾಗದಿರಲು ಈ ನಿಬಂಧನೆಗಳು ಅಗತ್ಯ. ಆದರೆ ಅಗ್ಗದ ಫೋನಿರುವವರ, ಡೇಟಾ ಪ್ಯಾಕ್ ಎಣಿಸಿ ಬಳಸುವವರ ಮಾತು ಇಂತಹ ಸರಾಸರಿಯಿಂದ ಹೊರಗುಳಿಯುವ ಸಂಭವವಿದೆ. ಮಾದರಿಯನ್ನು ಕತ್ತರಿಸಿದಾಗಲೂ ನಷ್ಟ ಎಲ್ಲೆಡೆ ಸಮಾನವಾಗಿರುವುದಿಲ್ಲ. ವಿರಳವಾದ ಉದಾಹರಣೆಗಳೇ ಹೆಚ್ಚು ಕೆಡುತ್ತವೆ.

ಕನ್ನಡಕ್ಕೆ ಇದು ಮುಖ್ಯ ವಿಷಯ. ‘ಮನೆ’ ಎಂಬ ಒಂದು ಪದ ‘ಮನೆಗೆ’, ‘ಮನೆಯಿಂದ’, ‘ಮನೆಯಲ್ಲಿಯೂ’, ‘ಮನೆಯವರೊಂದಿಗೆ’ ಎಂದು ಹಲವು ರೂಪ ತಾಳುತ್ತದೆ. 10,000 ಪದಗಳ ಪಟ್ಟಿಯಲ್ಲಿ ಇವೆಲ್ಲಕ್ಕೂ ಸ್ಥಳ ದೊರೆಯದು. ಪದಗಳನ್ನು ತುಂಡುಗಳಾಗಿ ಬಿಡಿಸಿ ಕಲಿಸುವ ಕ್ರಮ ಇಲ್ಲಿ ಹೆಚ್ಚು ಸೂಕ್ತ. ಇನ್ನು ಮುಂಬಯಿಯಲ್ಲಿ ಮರಾಠಿಯೊಡನೆ, ಚೆನ್ನೈಯಲ್ಲಿ ತಮಿಳಿನೊಡನೆ ಬೆರೆತು ಬಳಕೆಯಾಗುವ ಕನ್ನಡವು ಒಟ್ಟು ಕನ್ನಡ ಬರಹದ ಸಣ್ಣ ಪಾಲು. ಬರಹ ಹೆಚ್ಚಿದ್ದವರ ಪ್ರಭಾವ ಹೆಚ್ಚಾಗುವ ಸರಾಸರಿಯಲ್ಲಿ ಅದು ಅಳಿಸಿಹೋಗಬಹುದು. ಆದುದರಿಂದ ಕಿರಿದಾದ ಮಾದರಿಯನ್ನು ಒಟ್ಟು ಅಂಕದಿಂದ ಮಾತ್ರ ಅಳೆಯದೆ, ಪ್ರತಿ ಭಾಷೆ ಮತ್ತು ಪ್ರದೇಶದ ಬರಹದಲ್ಲಿ ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಅಗತ್ಯವಿದ್ದೆಡೆ ಆಯಾ ಪ್ರದೇಶಕ್ಕೆ ಪ್ರತ್ಯೇಕ ಜೋಡಣೆಯನ್ನು ಒದಗಿಸಬಹುದು.

ಬಳಕೆದಾರರು ಗಮನಿಸಬೇಕಾದುದು

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದಲ್ಲಿ, ಸಮ್ಮತಿಯು ಮುಕ್ತವೂ ನಿರ್ದಿಷ್ಟವೂ ಆಗಿರಬೇಕು, ನೀಡಿದಷ್ಟೇ ಸುಲಭವಾಗಿ ಅದನ್ನು ಹಿಂಪಡೆಯುವಂತಿರಬೇಕು ಎಂದು ಹೇಳಲಾಗಿದೆ. ಕೀಲಿಮಣೆಯ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಉತ್ತಮಪಡಿಸಲು ನೆರವಾಗುವ ಆಯ್ಕೆಯಿದ್ದಲ್ಲಿ, ಬಳಕೆದಾರರು ಅದನ್ನು ಓದಿ ನಿರ್ಧರಿಸುವುದು ಒಳ್ಳೆಯದು. ಆಯ್ಕೆಯನ್ನು ನಿಲ್ಲಿಸಿದರೆ ಮುಂದಿನ ಸುತ್ತುಗಳಲ್ಲಿ ಆ ಫೋನು ಸೇರುವುದಿಲ್ಲ. ಈಗಾಗಲೇ ಸರಾಸರಿಯಲ್ಲಿ ಬೆರೆತುಹೋದ ತಿದ್ದುಪಡಿಯನ್ನು ಬೇರ್ಪಡಿಸಿ ತೆಗೆಯುವುದು ಮಾತ್ರ ಕಷ್ಟಸಾಧ್ಯ. ಆದುದರಿಂದ ವಿಚಾರ ಮಾಡಬೇಕಾದುದು ಸಮ್ಮತಿ ನೀಡುವ ಮೊದಲೇ.