ಒಂದು ಸೆಟ್ಟೋ, ಎರಡು ಸೆಟ್ಟೋ? ಪಾಚಿಯ ಲೆಕ್ಕಾಚಾರ

ಪಿಯುಸಿಯಲ್ಲಿ ಪಿಸಿಎಂಸಿ ತಗೊಂಡು ಜೀವಶಾಸ್ತ್ರಕ್ಕೆ ಕೈಮುಗಿದವರೇ ನಮ್ಮಲ್ಲಿ ಹೆಚ್ಚು. ಆದ್ರೂ ಈ ಸಲ ಪಾಚಿಯ ಪಾಠ ಮಾಡೋಣ.

ಮೊದಲು ಎರಡು ಪದ. ಜೀವಕೋಶದಲ್ಲಿ ವರ್ಣತಂತುಗಳ ಒಂದೇ ಸೆಟ್ ಇದ್ದರೆ ಏಕಗುಣಿತ, ಎರಡಿದ್ದರೆ ದ್ವಿಗುಣಿತ. ನಮ್ಮ ದೇಹದ ಕೋಶಗಳಲ್ಲಿ 23ರ ಎರಡು ಸೆಟ್, ಒಟ್ಟು 46. ಅಂಡಾಣು, ವೀರ್ಯಾಣುಗಳಲ್ಲಿ ಮಾತ್ರ ಒಂದು.

ಪಾಚಿಗಳಲ್ಲಿ ಹೀಗೆ ಎಲ್ಲರಿಗೂ ಒಂದೇ ನಿಯಮ ಇಲ್ಲ. ಕ್ಲಾಮಿಡೊಮೊನಾಸ್ ತನ್ನ ಬದುಕಿನ ಬಹುಪಾಲನ್ನು 17 ವರ್ಣತಂತುಗಳ ಒಂದೇ ಸೆಟ್‌ನಲ್ಲಿ ಕಳೆಯುತ್ತೆ. ಡಯಾಟಮ್‌ಗಳದ್ದು ಎರಡು ಸೆಟ್. ಅಲ್ವಾ ಎಂಬ ಹಸಿರು ಕಡಲಪಾಚಿಯಲ್ಲಿ ಒಂದು ತಲೆಮಾರಿಗೆ ಒಂದು ಸೆಟ್, ಮುಂದಿನದಕ್ಕೆ ಎರಡು. ನೋಡೋಕೆ ಮಾತ್ರ ಎರಡೂ ಒಂದೇ ಥರ!

ಎರಡು ತಲೆಮಾರು ಬೇರೆ ಬೇರೆ ಥರ ಕಂಡರೆ? ಜಪಾನಿನ ರೈತರನ್ನು ಕಾಡಿದ್ದು ಇದೇ ಪ್ರಶ್ನೆ. ಸುಶಿಗೆ ಸುತ್ತುವ ನೋರಿ ಒಂದು ಕೆಂಪು ಪಾಚಿ. ಚಳಿಗಾಲದಲ್ಲಿ ಬೆಳೆದು ಬೇಸಿಗೆಯಲ್ಲಿ ಮಾಯವಾಗುತ್ತಿತ್ತು. ಅದರ ಬೀಜ ಎಲ್ಲಿಂದ ಬರುತ್ತೆ ಅಂತ ಯಾರಿಗೂ ಗೊತ್ತಿರಲಿಲ್ಲ. ಎರಡನೇ ಮಹಾಯುದ್ಧದ ನಂತರ ಬೆಳೆ ಕೈಕೊಟ್ಟಾಗ ರೈತರ ಹತ್ತಿರ ಉಪಾಯವೇ ಇರಲಿಲ್ಲ.

ಉತ್ತರ ಸಿಕ್ಕಿದ್ದು ಇಂಗ್ಲೆಂಡಿನಲ್ಲಿ. ಮ್ಯಾಂಚೆಸ್ಟರ್‌ನ ಕ್ಯಾಥ್ಲೀನ್ ಡ್ರೂ-ಬೇಕರ್, ನೋರಿಯ ಸಂಬಂಧಿಯಾದ ಪಾಚಿಯ ಬೀಜಕಗಳಿಗೆ ಚಿಪ್ಪು ಕೊಟ್ಟು ನೋಡಿದರು. ಅವು ಚಿಪ್ಪನ್ನೇ ಕೊರೆದು ಗುಲಾಬಿ ಬಣ್ಣದ ಎಳೆಗಳಾಗಿ ಬೆಳೆದವು. ಕಾಂಕೊಸೀಲಿಸ್ ಎಂಬ ಬೇರೆಯೇ ಪ್ರಭೇದ ಅಂತ ಎಲ್ಲರೂ ತಿಳಿದಿದ್ದ ಎಳೆ ಅದು! 1949ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಈಗ ಲೆಕ್ಕ ನೋಡಿ. ಜಪಾನಿನ ಸಾಮಾನ್ಯ ನೋರಿಯ ಎಲೆಯಲ್ಲಿ 3 ವರ್ಣತಂತು, ಚಿಪ್ಪಿನೊಳಗಿನ ಎಳೆಯಲ್ಲಿ 6. ಒಂದೇ ಜೀವಿ, ಎರಡು ವೇಷ. ಎಳೆಯಿಂದ ಹೊರಬಂದ ಬೀಜಕ ಮೊಳೆಯುವಾಗ 6 ಮತ್ತೆ 3 ಆಗುತ್ತೆ. ಎಲೆಗೆ ಬ್ಯಾಕಪ್ ಸೆಟ್ ಇಲ್ಲ. ಒಂದು ಜೀನ್ ಕೆಟ್ಟರೆ ಮುಚ್ಚಿಡೋಕೆ ಇನ್ನೊಂದು ಪ್ರತಿ ಇರಲ್ಲ, ದೋಷ ನೇರ ಹೊರಗೆ ಕಾಣುತ್ತೆ. ತಳಿ ಸಂಶೋಧಕರಿಗೆ ಅದೇ ಅನುಕೂಲ.

ಜಪಾನಿನ ವಿಜ್ಞಾನಿಗಳು ಈ ಸುಳಿವು ಹಿಡಿದು ತೊಟ್ಟಿಗಳಲ್ಲಿ ಸಿಂಪಿಚಿಪ್ಪಿನ ಮೇಲೆ 'ಬೀಜ' ಬೆಳೆಸಿ ಬಲೆಗಳಿಗೆ ಹಾಯಿಸುವ ವಿಧಾನ ರೂಪಿಸಿದರು. ಅದೃಷ್ಟದ ಮೇಲೆ ನಿಂತಿದ್ದ ಕಸುಬು ಕೃಷಿಯಾಯಿತು.

ಮದುವೆಯಾದರು ಅನ್ನೋ ಕಾರಣಕ್ಕೆ ಅಧ್ಯಾಪಕಿ ಕೆಲಸ ಕಳೆದುಕೊಂಡಿದ್ದ ಡ್ರೂ, ಸಂಬಳವಿಲ್ಲದೆ ಸಂಶೋಧನೆ ಮುಂದುವರಿಸಿದವರು. 1957ರಲ್ಲಿ ತೀರಿಕೊಂಡರು; ಜಪಾನಿಗೆ ಒಮ್ಮೆಯೂ ಹೋಗಲಿಲ್ಲ. ಆದರೂ 1963ರಲ್ಲಿ ಕುಮಾಮೊಟೊ ಪ್ರಾಂತ್ಯದ ಉಟೊದಲ್ಲಿ ಅವರ ಸ್ಮಾರಕ ಎದ್ದಿತು. ಪ್ರತಿ ಏಪ್ರಿಲ್ 14ರಂದು ಅಲ್ಲಿ ಅವರನ್ನು ನೆನೆಯುತ್ತಾರೆ.

'ಇದರಿಂದ ಏನು ಉಪಯೋಗ?' ಅಂತ ನಾವು ಪ್ರಾಜೆಕ್ಟ್ ವಿಷಯ ಕೈಬಿಡೋ ಮುಂಚೆ, ಆ ಚಿಪ್ಪನ್ನೊಮ್ಮೆ ನೆನಪಿಸಿಕೊಳ್ಳೋಣ.