ಪೆಡಲ್ ಒತ್ತಿದ ಮಿಲಿಮೀಟರ್ ಎಲ್ಲಿ ಹೋಯ್ತು?

ಪಾಸ್ಕಲ್ ನಿಯಮವನ್ನು ನಾವೆಲ್ಲ ಫ್ಲೂಯಿಡ್ ಮೆಕ್ಯಾನಿಕ್ಸ್ ಪರೀಕ್ಷೆಯಲ್ಲಿ ಎರಡು ಮಾರ್ಕ್ಸ್‌ಗೆ ಬರೆದು ಮುಂದೆ ಹೋಗ್ತೀವಿ. ಅದೇ ನಿಯಮ ಮತ್ತು ಒಂದು ಸ್ಟೀಲ್ ಸ್ಕೇಲ್ ಇದ್ದರೆ ಹಳೇ ಕಾರೊಂದು ಗುಜರಿಗೆ ಹೋಗೋದನ್ನು ತಪ್ಪಿಸಬಹುದು. ಹೇಗೆ ಅಂತ ಈ ಪಾಠದಲ್ಲಿ ನೋಡೋಣ.

ನಮ್ಮ ಪಾಠದ ಕಾರು ಸ್ಟ್ಯಾಂಡರ್ಡ್ ಹೆರಾಲ್ಡ್. ಮೂಲದಲ್ಲಿ ಇದು 1959ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಟ್ರಯಂಫ್ ಹೆರಾಲ್ಡ್, ವಿನ್ಯಾಸ ಇಟಲಿಯ ಜಿಯೋವಾನಿ ಮಿಕೆಲೊಟ್ಟಿ ಅವರದು. 1961ರಿಂದ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಇದನ್ನು ನಮ್ಮ ದೇಶದಲ್ಲಿ ತಯಾರಿಸಿತು. ಮೊದಲ ಎಂಜಿನ್ ಬರೀ 948 ಸಿ.ಸಿ. ವೈಯಾಲಿಕಾವಲ್‌ನಲ್ಲಿ ನಮ್ಮ ಗುಂಪಿನ ಒಬ್ಬರ ಪಕ್ಕದ ಮನೆ ತಾತನ ಹತ್ತಿರ ಒಂದಿದೆ. ಕ್ಲಚ್ ಪೂರ್ತಿ ಒತ್ತಿದರೂ ರಿವರ್ಸ್ ಗೇರ್ ಕರಕರ ಅಂತಿತ್ತು. ಫಸ್ಟ್ ಗೇರ್ ಹಾಕಿದರೆ ಕ್ಲಚ್ ಒತ್ತಿದ್ದಾಗಲೇ ಕಾರು ಮೆಲ್ಲಗೆ ಮುಂದೆ ಸರೀತಿತ್ತು. ಅಲ್ಲಿನ ಏರು ರಸ್ತೆಗಳಲ್ಲಿ ಇಂಥ ಕ್ಲಚ್ ಇಟ್ಟುಕೊಂಡು ಓಡಿಸೋದು ಅಪಾಯ. ಒಂದು ಗ್ಯಾರೇಜಿನವರು ನೋಡಿ, ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಸೆಟ್ ಪೂರ್ತಿ ಬದಲಾಯಿಸಬೇಕು ಅಂದಿದ್ದರು. ಅಷ್ಟು ಖರ್ಚಾದರೆ ಕಾರನ್ನೇ ಕೊಟ್ಟುಬಿಡ್ತೀನಿ ಅಂತ ತಾತ ಹೇಳಿದ ಮೇಲೆ ನಾವು ಮೂವರು ಸ್ಕೇಲ್ ಹಿಡಿದು ಕೂತ್ವಿ.

ವ್ಯವಸ್ಥೆ ಹೇಗಿದೆ?

ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್‌ನ ಪಿಸ್ಟನ್ ಫ್ಲೂಯಿಡ್‌ ಅನ್ನು ತಳ್ಳುತ್ತೆ. ಫ್ಲೂಯಿಡ್ ಪೈಪ್ ಮತ್ತು ರಬ್ಬರ್ ಹೋಸ್ ಮೂಲಕ ಗೇರ್‌ಬಾಕ್ಸ್ ಪಕ್ಕದ ಸ್ಲೇವ್ ಸಿಲಿಂಡರ್‌ಗೆ ಹೋಗುತ್ತೆ. ಸ್ಲೇವ್‌ನ ಪುಶ್‌ರಾಡ್ ಫೋರ್ಕನ್ನು ತಳ್ಳುತ್ತೆ, ಫೋರ್ಕ್ ರಿಲೀಸ್ ಬೇರಿಂಗನ್ನು ಒತ್ತುತ್ತೆ, ಕ್ಲಚ್ ಬಿಡುತ್ತೆ.

ಲೆಕ್ಕಕ್ಕೆ ಸುಲಭವಾಗಲಿ ಅಂತ ಮಾಸ್ಟರ್ ಬೋರ್ 16 ಮಿ.ಮೀ., ಸ್ಲೇವ್ ಬೋರ್ 22 ಮಿ.ಮೀ. ಅಂದ್ಕೊಳ್ಳಿ. ವಿಸ್ತೀರ್ಣಗಳ ಅನುಪಾತ ಸುಮಾರು 1.89. ಮಾಸ್ಟರ್ ಪಿಸ್ಟನ್ 25 ಮಿ.ಮೀ. ಸರಿದರೆ ಸ್ಲೇವ್ ಸುಮಾರು 13 ಮಿ.ಮೀ. ಸರಿಯಬೇಕು. ಬಲ ಹೆಚ್ಚಾಯ್ತು, ದೂರ ಕಡಿಮೆಯಾಯ್ತು. ಇಲ್ಲಿ ದೂರಕ್ಕೆ ಬೆಲೆ ಜಾಸ್ತಿ.

ಈಗ ಒಳಗೆ 1 ಮಿ.ಲೀ. ಗಾಳಿ ಸೇರಿದೆ ಅಂದ್ಕೊಳ್ಳಿ. ವಾತಾವರಣದ 20 ಪಟ್ಟು ಒತ್ತಡ ಬಂದಾಗ ಆ ಗುಳ್ಳೆ 0.05 ಮಿ.ಲೀ.ಗೆ ಕುಗ್ಗುತ್ತೆ. ಉಳಿದ 0.95 ಮಿ.ಲೀ. ಫ್ಲೂಯಿಡ್ ಆ ಗುಳ್ಳೆ ಬಿಟ್ಟ ಜಾಗ ತುಂಬೋದಕ್ಕೇ ಖರ್ಚು. ಸ್ಲೇವ್ ವಿಸ್ತೀರ್ಣ 380 ಚದರ ಮಿ.ಮೀ. ಆದ್ದರಿಂದ 2.5 ಮಿ.ಮೀ. ಚಲನೆ ಹೋಯ್ತು. ಒಂದು ಪುಟ್ಟ ಗುಳ್ಳೆ ಐದನೇ ಒಂದು ಭಾಗ ತಿಂದುಹಾಕ್ತು!

ಹುಡುಕೋದು ಹೇಗೆ?

ಮೊದಲು ಸುರಕ್ಷತೆ. ಚಕ್ರಗಳಿಗೆ ಕಲ್ಲು ಕೊಡಿ. ಬರೀ ಜ್ಯಾಕ್ ನಂಬಿ ಕಾರಿನ ಕೆಳಗೆ ಹೋಗಬೇಡಿ. ಬ್ರೇಕ್ ಫ್ಲೂಯಿಡ್ ಕಣ್ಣಿಗೆ ಕೆಟ್ಟದ್ದು, ಪೇಂಟನ್ನೂ ಕಿತ್ತುಹಾಕುತ್ತೆ. ಬಿದ್ದರೆ ತಕ್ಷಣ ನೀರು ಹಾಕಿ ತೊಳೀರಿ.

1. ಪುಶ್‌ರಾಡ್ ಅಳೆಯಿರಿ. ಒಬ್ಬರು ಪೆಡಲ್ ಒತ್ತಲಿ, ಇನ್ನೊಬ್ಬರು ಸ್ಲೇವ್ ಪುಶ್‌ರಾಡ್ ಎಷ್ಟು ಸರಿಯುತ್ತೆ ನೋಡಲಿ. ಹೆರಾಲ್ಡ್‌ನಲ್ಲಿ ಗೇರ್‌ಬಾಕ್ಸ್ ಮೇಲಿನ ಕವರ್ ಕಾರಿನ ಒಳಗಿನಿಂದಲೇ ಬಿಚ್ಚಬಹುದು, ಅದೊಂದು ಅದೃಷ್ಟ. ಚಲನೆ ಪೂರ್ತಿ ಇದ್ದೂ ಗೇರ್ ಕರಕರ ಅಂದರೆ ತೊಂದರೆ ಫೋರ್ಕ್, ಬೇರಿಂಗ್, ಪ್ಲೇಟ್ ಕಡೆ. ಆಗ ಮಾತ್ರ ಗೇರ್‌ಬಾಕ್ಸ್ ಇಳಿಸೋ ಮಾತು. ಚಲನೆ ಕಡಿಮೆ ಇದ್ದರೆ ಹೈಡ್ರಾಲಿಕ್ಸ್ ಅಥವಾ ಪೆಡಲ್ ಜೋಡಣೆ ನೋಡಿ. ನಮಗೆ ಸಿಕ್ಕಿದ್ದು ಬರೀ 7 ಮಿ.ಮೀ.

2. ಪೆಡಲ್ ಪಿನ್ ನೋಡಿ. ಪೆಡಲ್ ಮತ್ತು ಮಾಸ್ಟರ್ ಪುಶ್‌ರಾಡ್ ಸೇರೋ ಪಿನ್ ಸವೆದು ತೂತು ಅಗಲವಾಗಿದ್ದರೆ ಚಲನೆ ಅಲ್ಲೇ ಸೋರಿಹೋಗುತ್ತೆ. ನಮ್ಮ ಪಿನ್ ಚೆನ್ನಾಗಿತ್ತು.

3. ಪಂಪ್ ಮಾಡಿ. ನಾಲ್ಕೈದು ಸಲ ಬೇಗ ಬೇಗ ಒತ್ತಿದಾಗ ಪೆಡಲ್ ಗಟ್ಟಿಯಾದರೆ ಒಳಗೆ ಗಾಳಿ ಇರೋ ಸಾಧ್ಯತೆ ಹೆಚ್ಚು. ಒತ್ತಿ ಹಿಡಿದಾಗ ಮೆಲ್ಲಗೆ ಕೆಳಗಿಳಿದರೆ ಎಲ್ಲೋ ಸೀಲ್ ಸೋಲ್ತಿದೆ. ನಮ್ಮಲ್ಲಿ ಎರಡೂ ಇತ್ತು.

4. ಅರ್ಧಕ್ಕೆ ಭಾಗ ಮಾಡಿ. ಇದು ನಮ್ಮ ಬೈನರಿ ಸರ್ಚೇ. ಹೋಸ್‌ಗೆ ದುಂಡನೆ ಬಾಯಿಯ ಹೋಸ್ ಕ್ಲ್ಯಾಂಪ್ ಹಾಕಿ ಪೆಡಲ್ ಒತ್ತಿ. ಈಗಲೂ ಇಳಿದರೆ ತೊಂದರೆ ಕ್ಲ್ಯಾಂಪ್‌ಗಿಂತ ಮೇಲೆ. ಹೊರಗೆ ಸೋರಿಕೆ ಕಾಣದಿದ್ದರೆ ಅದು ಮಾಸ್ಟರ್ ಸೀಲ್. ಕಲ್ಲಿನಂತೆ ನಿಂತರೆ ಮಾಸ್ಟರ್ ನಿರಪರಾಧಿ, ತೊಂದರೆ ಕ್ಲ್ಯಾಂಪ್‌ನಿಂದ ಕೆಳಗೆ. ಬಿರುಕು ಬಿಟ್ಟ ಹೋಸ್‌ಗೆ ಕ್ಲ್ಯಾಂಪ್ ಬೇಡ, ಅದನ್ನು ಬದಲಾಯಿಸಲೇಬೇಕು.

ನಮ್ಮ ಪೆಡಲ್ ಗಟ್ಟಿ ನಿಲ್ತು. ಸ್ಲೇವ್‌ನ ರಬ್ಬರ್ ಟೋಪಿ ಹಿಂದಕ್ಕೆ ಸರಿಸಿದಾಗ ಒಳಗಿಂದ ಕಪ್ಪು ಫ್ಲೂಯಿಡ್ ತೊಟ್ಟಿಕ್ಕಿತು. ನೆಲದ ಮೇಲೆ ಕಲೆ ಕಾಣದೇ ಇದ್ದದ್ದು ಅದಕ್ಕೇ: ಸೋರಿದ್ದೆಲ್ಲ ಆ ಟೋಪಿಯೊಳಗೇ ನಿಂತಿತ್ತು.

ಸರಿಪಡಿಸಿದ್ದು

ಸಿಲಿಂಡರ್ ಬಿಚ್ಚಿದಾಗ ಬೋರ್ ನುಣುಪಾಗಿತ್ತು, ರಬ್ಬರ್ ಸೀಲ್ ಮಾತ್ರ ಸವೆದಿತ್ತು. ಬೋರ್‌ನಲ್ಲಿ ತುಕ್ಕಿನ ಗುಳಿ ಇದ್ದರೆ ಹೊಸ ಸೀಲ್ ಹಾಕಿ ಪ್ರಯೋಜನ ಇಲ್ಲ, ಸಿಲಿಂಡರೇ ಬೇಕು. ಜೆ.ಸಿ. ರಸ್ತೆಯಲ್ಲಿ ನಾಲ್ಕು ಅಂಗಡಿ ಅಲೆದ ಮೇಲೆ ಅಳತೆಗೆ ಸರಿಯಾದ ಸೀಲ್ ಸಿಕ್ತು. ಸೀಲ್‌ಗೆ ಹೊಸ ಫ್ಲೂಯಿಡನ್ನೇ ಹಚ್ಚಿ ಕೂರಿಸಬೇಕು. ಗ್ರೀಸ್, ಎಂಜಿನ್ ಆಯಿಲ್ ಮುಟ್ಟಿಸಿದರೆ ರಬ್ಬರ್ ಊದಿಕೊಳ್ಳುತ್ತೆ.

ಕೊನೆಗೆ ಗಾಳಿ ತೆಗೆಯೋದು. ಬ್ಲೀಡ್ ನಿಪ್ಪಲ್‌ಗೆ ಪ್ಲಾಸ್ಟಿಕ್ ಟ್ಯೂಬ್ ಹಾಕಿ, ಇನ್ನೊಂದು ತುದಿ ಫ್ಲೂಯಿಡ್ ಇರೋ ಬಾಟಲಿಯೊಳಗೆ ಮುಳುಗಿರಲಿ. ಪೆಡಲ್ ಒತ್ತುವಾಗ ನಿಪ್ಪಲ್ ತೆರೆಯಿರಿ, ತಳಕ್ಕೆ ಬಂದಾಗ ಮುಚ್ಚಿ, ಆಮೇಲೆ ಪೆಡಲ್ ಬಿಡಿ. ಗುಳ್ಳೆ ನಿಲ್ಲೋವರೆಗೂ ಇದೇ. ಮೇಲಿನ ಡಬ್ಬಿ ಒಂದು ಸಲ ಖಾಲಿಯಾದರೂ ಗಾಳಿ ಮತ್ತೆ ಒಳಗೆ, ಕೆಲಸ ಮತ್ತೆ ಮೊದಲಿಂದ.

ಈಗ ಪುಶ್‌ರಾಡ್ 13 ಮಿ.ಮೀ. ಸರಿಯುತ್ತೆ, ರಿವರ್ಸ್ ಸದ್ದಿಲ್ಲದೆ ಬೀಳುತ್ತೆ. ಗೇರ್‌ಬಾಕ್ಸ್ ಇದ್ದಲ್ಲೇ ಇದೆ. ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರುತ್ತೆ, ಆ ತೇವದಿಂದಲೇ ಒಳಗೆ ತುಕ್ಕು. ಹಾಗಾಗಿ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸಿ ಅಂತ ತಾತನಿಗೆ ಬರೆದುಕೊಟ್ಟಿದ್ದೀವಿ. ನಿಮ್ಮ ಮನೆ ಹತ್ತಿರವೂ ಕವರ್ ಹೊದ್ದು ನಿಂತ ಹಳೇ ಕಾರಿದ್ದರೆ, ಸ್ಪ್ಯಾನರ್‌ಗಿಂತ ಮೊದಲು ಸ್ಕೇಲ್ ತಗೊಂಡು ಹೋಗಿ.